ಮೆಮೊರಿಯಲ್ಲಿ ಇಟ್ಟದ್ದು ನಕಲೋ, ಮೂಲವೋ?

ಮಾನ್ಯ ಸಂಪಾದಕರೇ,

ತಂತ್ರಾಂಶಗಳ ವೇಗ ಹೆಚ್ಚಿಸಲು ದತ್ತಾಂಶವನ್ನು ಡಿಸ್ಕಿನ ಬದಲು ಮೆಮೊರಿಯಲ್ಲೇ (ವೇಗವಾದ, ಆದರೆ ವಿದ್ಯುತ್ ಹೋದರೆ ಖಾಲಿಯಾಗುವ ರ‍್ಯಾಮ್‌ನಲ್ಲಿ) ಇಟ್ಟುಕೊಳ್ಳುವ ವಿಧಾನಗಳ ಬಗ್ಗೆ ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಓದಿದೆ. ಇಂಥದೊಂದು ವಿಷಯ ಕನ್ನಡದಲ್ಲಿ, ಅದೂ ದಿನಪತ್ರಿಕೆಯಲ್ಲಿ ಬಂದದ್ದು ಸಂತೋಷದ ಸಂಗತಿ. ಆದರೆ ಲೇಖನದ ಜೊತೆಗಿದ್ದ ಕೋಷ್ಟಕವು ಈ ಕೆಲಸಕ್ಕೆ ಬಳಸುವ ತಂತ್ರಾಂಶಗಳಾದ ರೆಡಿಸ್, ಮೆಮ್‌ಕ್ಯಾಶ್ಡ್, ವಾಲ್ಕೀ ಮೊದಲಾದವುಗಳನ್ನು ಸೆಕೆಂಡಿಗೆ ಎಷ್ಟು ಓದು-ಬರಹ ನಿಭಾಯಿಸುತ್ತವೆ ಎಂಬ ಒಂದೇ ಅಳತೆಗೋಲಿನಿಂದ ಅಳೆದು, ಪಟ್ಟಿಯಲ್ಲಿ ಮೇಲಿರುವುದನ್ನು ಆರಿಸಿಕೊಂಡರೆ ಸಾಕು ಎಂಬ ಭಾವನೆ ಮೂಡಿಸುವಂತಿತ್ತು. ಹದಿನಾರು ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡು ಬಂದಿರುವ ನನಗೆ ಆ ಒಂದು ಮಾತನ್ನು ಒಪ್ಪಲು ಸಾಧ್ಯವಾಗಲಿಲ್ಲ. ಈ ಆಯ್ಕೆಯಲ್ಲಿ ವೇಗ ಎರಡನೆಯ ಪ್ರಶ್ನೆ. ನಾವು ಮೆಮೊರಿಯಲ್ಲಿ ಇಡಲು ಹೊರಟಿರುವುದು ಬೇರೆಲ್ಲೋ ಭದ್ರವಾಗಿರುವ ದಾಖಲೆಯ ನಕಲೋ ಅಥವಾ ಅದೇ ಮೂಲವೋ ಎಂಬುದು ಮೊದಲ ಪ್ರಶ್ನೆ. ಅದನ್ನು ಕೇಳದೆ ಹೋದದ್ದರ ಫಲವನ್ನು ನಾನೇ ಉಂಡಿರುವುದರಿಂದ ಈ ಪತ್ರ ಸ್ವಲ್ಪ ದೀರ್ಘವಾಗಿದೆ. ದಯವಿಟ್ಟು ಕ್ಷಮಿಸಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ತಂಡವು ಮಲೆನಾಡಿನ ಒಂದು ಆಸ್ಪತ್ರೆಗೆ ಹೊರರೋಗಿಗಳ ಟೋಕನ್ ವ್ಯವಸ್ಥೆಯನ್ನು ಮಾಡಿಕೊಟ್ಟಿತ್ತು. ಬೆಳಿಗ್ಗೆ ಏಳಕ್ಕೆ ಕೌಂಟರ್ ತೆರೆಯುತ್ತದೆ, ರೋಗಿಗೆ ಸಂಖ್ಯೆಯಿರುವ ಚೀಟಿ ಸಿಗುತ್ತದೆ, ವೈದ್ಯರ ಕೊಠಡಿಯ ಹೊರಗಿನ ಪರದೆಯ ಮೇಲೆ ಸಂಖ್ಯೆ ಬಂದಾಗ ಒಳಗೆ ಹೋಗಬೇಕು. ಪರದೆ ತಡವರಿಸದೆ ಬದಲಾಗಬೇಕೆಂಬ ಆಸೆಯಿಂದ ಟೋಕನ್‌ಗಳನ್ನು ನಾವು ರೆಡಿಸ್‌ನಲ್ಲಿ ಮಾತ್ರ ಇಟ್ಟಿದ್ದೆವು. ಪ್ರಯೋಗಾಲಯದ ವರದಿಗಳು ಬೇಗ ತೆರೆದುಕೊಳ್ಳಲೆಂದು ಅವುಗಳ ನಕಲುಗಳನ್ನೂ ಅದೇ ರೆಡಿಸ್‌ಗೆ ಹಾಕಿದ್ದೆವು. ಮೆಮೊರಿ ತುಂಬಿದರೆ ಏನು ಮಾಡಬೇಕೆಂದು ರೆಡಿಸ್‌ಗೆ ಮೊದಲೇ ಹೇಳಿಡಬಹುದು. ಏನೂ ಹೇಳದಿದ್ದರೆ ಅದು ಹಳೆಯದನ್ನು ಮುಟ್ಟದೆ ಹೊಸ ಬರಹವನ್ನು ನಿರಾಕರಿಸುತ್ತದೆ. ನಾವು ಮಾತ್ರ ಬಹುಕಾಲದಿಂದ ಯಾರೂ ಮುಟ್ಟದಿರುವುದನ್ನು ತೆಗೆದುಹಾಕಿ ಜಾಗ ಮಾಡಿಕೋ ಎಂದು ಹೇಳಿಟ್ಟಿದ್ದೆವು. ಆ ಒಂದು ಸಾಲನ್ನು ಸಂರಚನೆಯ ಕಡತದಲ್ಲಿ ಬರೆದವನು ನಾನೇ. ವರದಿಗಳ ನಕಲಿಗೆ ಅದು ಅತ್ಯಂತ ಸರಿಯಾದ ನೀತಿಯೂ ಆಗಿತ್ತು.

ಒಂದು ಸೋಮವಾರ ಉಚಿತ ತಪಾಸಣಾ ಶಿಬಿರವಿದ್ದು ಎಂದಿಗಿಂತ ಹೆಚ್ಚು ಜನ ಬಂದಿದ್ದರು. ವರದಿಗಳ ನಕಲು ಬೆಳೆಯುತ್ತಾ ಹೋಗಿ ಹನ್ನೊಂದರ ಹೊತ್ತಿಗೆ ಮೆಮೊರಿ ತುಂಬಿತು. ಮೂಳೆ ವಿಭಾಗದ ವೈದ್ಯರು ಶಸ್ತ್ರಚಿಕಿತ್ಸೆಯಲ್ಲಿದ್ದುದರಿಂದ ಆ ಸಾಲು ಮುಂದೆ ಸರಿದಿರಲಿಲ್ಲ. ಹಾಗಾಗಿ ಏಳು ಗಂಟೆಗೆ ದಾಖಲಾದ ಆ ಸಾಲಿನ ರೋಗಿಗಳ ಟೋಕನ್‌ಗಳನ್ನು ನಾಲ್ಕು ಗಂಟೆಗಳ ಕಾಲ ಯಾವ ತಂತ್ರಾಂಶವೂ ಮುಟ್ಟಿರಲಿಲ್ಲ. ರೆಡಿಸ್ ನಾವು ಹೇಳಿದ್ದನ್ನೇ ಮಾಡಿತು. ಬಹುಕಾಲ ಮುಟ್ಟದ ದಾಖಲೆಗಳನ್ನು ಒಂದೊಂದಾಗಿ ತೆಗೆಯಿತು. ಅಂದರೆ, ಯಾರು ಎಲ್ಲರಿಗಿಂತ ಹೆಚ್ಚು ಹೊತ್ತು ಕಾದಿದ್ದರೋ ಅವರ ಸರದಿಯೇ ಮೊದಲು ಅಳಿಸಿಹೋಯಿತು. ಸುದ್ದಿ ತಿಳಿದು ನಾನು ಆಸ್ಪತ್ರೆಗೆ ಓಡಿದಾಗ ಕೌಂಟರಿನ ಬಳಿ ಒಬ್ಬ ವಯಸ್ಸಾದ ತಾಯಿ ಚೀಟಿ ಹಿಡಿದುಕೊಂಡು ನಿಂತಿದ್ದರು. "ಅಪ್ಪಾ, ಆರೂವರೆ ಬಸ್ಸಿಗೆ ಬಂದೋಳು ನಾನು. ಚೀಟೀಲಿ ನಂಬರ್ ಐತೆ, ಕಂಪ್ಯೂಟರ್‌ನಾಗೆ ಇಲ್ಲ ಅಂತಾರಲ್ಲ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಕೌಂಟರಿನ ಹುಡುಗಿಯೊಬ್ಬಳು ಉದ್ದನೆಯ ನೋಟ್‌ಬುಕ್ ತೆಗೆದು, ಎಲ್ಲರ ಕೈಯಲ್ಲಿದ್ದ ಚೀಟಿಗಳನ್ನು ನೋಡಿ, ಪೆನ್ನಿನಲ್ಲಿ ಸಾಲನ್ನು ಮತ್ತೆ ಬರೆದಳು. ಆ ದಿನ ಆ ಆಸ್ಪತ್ರೆಯಲ್ಲಿ ಸರದಿಯ ಮೂಲ ದಾಖಲೆ ಇದ್ದದ್ದು ರೋಗಿಗಳ ಅಂಗೈಯಲ್ಲಿ ಮಾತ್ರ.

ಓದುಗರಲ್ಲಿ ಈ ಕೆಲಸ ಬಲ್ಲವರು, "ಡಿಸ್ಕಿಗೆ ಬರೆದಿಡುವ ಸೌಲಭ್ಯ ರೆಡಿಸ್‌ನಲ್ಲಿ ಇದೆಯಲ್ಲ, ಅದನ್ನು ಬಳಸಿರಲಿಲ್ಲವೇ?" ಎಂದು ಕೇಳಬಹುದು. ಬಳಸಿದ್ದೆವು. ಪ್ರತಿಯೊಂದು ಬರಹವನ್ನೂ ದಿನಚರಿಯಂತೆ ಕಡತದ ಕೊನೆಗೆ ಸೇರಿಸುತ್ತಾ ಹೋಗುವ ಎಒಎಫ್ ವಿಧಾನ ಚಾಲ್ತಿಯಲ್ಲಿತ್ತು, ಇನ್ನೊಂದು ಯಂತ್ರದಲ್ಲಿ ಪಡಿಯಚ್ಚೂ ಇತ್ತು. ಎರಡೂ ಉಪಯೋಗಕ್ಕೆ ಬರಲಿಲ್ಲ. ಜಾಗಕ್ಕಾಗಿ ತೆಗೆದುಹಾಕಿದ್ದನ್ನೂ ರೆಡಿಸ್ 'ಅಳಿಸು' ಎಂಬ ಆದೇಶವಾಗಿ ಅದೇ ದಿನಚರಿಗೆ ಬರೆಯುತ್ತದೆ, ಪಡಿಯಚ್ಚಿಗೂ ಕಳುಹಿಸುತ್ತದೆ. ಮೂರೂ ಕಡೆ ಒಂದೇ ಸಮನೆ, ಅತ್ಯಂತ ಪ್ರಾಮಾಣಿಕವಾಗಿ, ಅಳಿಸುವ ಕೆಲಸ ನಡೆಯಿತು. ತಪ್ಪು ರೆಡಿಸ್‌ನದ್ದಲ್ಲ. ನಕಲನ್ನೂ ಮೂಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿದ ನಮ್ಮದು.

ಈಗ ವೇಗದ ವಿಷಯಕ್ಕೆ ಬರುತ್ತೇನೆ. ಮೆಮೊರಿಯಿಂದ ಒಂದು ತುಣುಕನ್ನು ಓದಲು ಸುಮಾರು 100 ನ್ಯಾನೊಸೆಕೆಂಡು ಬೇಕು. ತಿರುಗುವ ಭಾಗಗಳಿಲ್ಲದ ಡಿಸ್ಕಾದ ಎಸ್‌ಎಸ್‌ಡಿಯಿಂದಾದರೆ ಸುಮಾರು 100 ಮೈಕ್ರೊಸೆಕೆಂಡು, ತಿರುಗುವ ಹಾರ್ಡ್ ಡಿಸ್ಕಿನಿಂದಾದರೆ 10 ಮಿಲಿಸೆಕೆಂಡಿನಷ್ಟು. ಇವು ಕಣ್ಣಿಗೆ ಕಾಣದ ಅಳತೆಗಳಾದ್ದರಿಂದ ಎಲ್ಲವನ್ನೂ ಒಂದು ಕೋಟಿ ಪಟ್ಟು ಹಿಗ್ಗಿಸಿ ನೋಡೋಣ. ಮೆಮೊರಿಯ ಓದು ಒಂದು ಸೆಕೆಂಡಾದರೆ ಎಸ್‌ಎಸ್‌ಡಿಯದು ಸುಮಾರು 17 ನಿಮಿಷ, ಹಾರ್ಡ್ ಡಿಸ್ಕಿನದು 28 ಗಂಟೆ. ಮೆಮೊರಿಯ ಮೇಲೆ ಎಲ್ಲರಿಗೂ ಇಷ್ಟೊಂದು ಮೋಹ ಏಕೆಂಬುದು ಇದರಿಂದಲೇ ತಿಳಿಯುತ್ತದೆ. ಆದರೆ ಕೋಷ್ಟಕದಲ್ಲಿ ಇಲ್ಲದ ಇನ್ನೊಂದು ಸಂಖ್ಯೆಯಿದೆ. ಒಂದೇ ಡೇಟಾ ಸೆಂಟರಿನ ಒಳಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಕೇಳಿಕೆ ಹೋಗಿ ಉತ್ತರ ಬರಲು ಅರ್ಧ ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ. ನಮ್ಮ ಹಿಗ್ಗಿಸಿದ ಲೆಕ್ಕದಲ್ಲಿ ಅದು ಸುಮಾರು 83 ನಿಮಿಷ. ರೆಡಿಸ್ ಆಗಲಿ ಮೆಮ್‌ಕ್ಯಾಶ್ಡ್ ಆಗಲಿ ಸಾಮಾನ್ಯವಾಗಿ ಬೇರೊಂದು ಯಂತ್ರದಲ್ಲೇ ಇರುತ್ತವೆ. ಹೋಗಿಬರುವ ದಾರಿಗೇ 83 ನಿಮಿಷ ಖರ್ಚಾಗುವಾಗ, ಅಂಗಡಿಯವನು ಸಾಮಾನು ಕೊಡಲು ಒಂದು ಸೆಕೆಂಡು ತೆಗೆದುಕೊಂಡನೋ ಎರಡು ಸೆಕೆಂಡೋ ಎಂದು ಲೆಕ್ಕ ಹಾಕುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಎರಡರ ನಡುವಿನ ವೇಗದ ವ್ಯತ್ಯಾಸ ಹೆಚ್ಚಿನ ಸಂಸ್ಥೆಗಳಿಗೆ ಗಮನಕ್ಕೇ ಬಾರದು. ಒಂದು ಪುಟ ತೋರಿಸಲು ನಲವತ್ತು ಸಲ ಹೋಗಿಬರುವ ತಂತ್ರಾಂಶವನ್ನು ಒಂದೇ ಸಲಕ್ಕೆ ಎಲ್ಲವನ್ನೂ ತರುವಂತೆ ತಿದ್ದಿದರೆ ಮಾತ್ರ ಬಳಕೆದಾರನಿಗೆ ಬದಲಾವಣೆ ಕಾಣುತ್ತದೆ.

ಆದ್ದರಿಂದ ದಾರಿಯೇ ಇಲ್ಲದ ಆಯ್ಕೆಯನ್ನು, ಎಂದರೆ ತಂತ್ರಾಂಶ ಓಡುತ್ತಿರುವ ಯಂತ್ರದ ಸ್ವಂತ ಮೆಮೊರಿಯನ್ನು ನಾವು ಮೊದಲು ನೋಡಬೇಕು. ಅರ್ಜಿ ನಮೂನೆಯಲ್ಲಿ ತೋರಿಸುವ ಜಿಲ್ಲೆಗಳ ಪಟ್ಟಿಯನ್ನು ತೆಗೆದುಕೊಳ್ಳಿ. ವಿಜಯನಗರ ಜಿಲ್ಲೆ 2021ರಲ್ಲಿ ಸೇರಿ ರಾಜ್ಯದಲ್ಲಿ 31 ಜಿಲ್ಲೆಗಳಾದವು. ಅಲ್ಲಿಂದೀಚೆಗೆ, 2025ರಲ್ಲಿ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾದದ್ದನ್ನು ಬಿಟ್ಟರೆ, ಆ ಪಟ್ಟಿ ಬದಲಾಗಿಲ್ಲ. ಇಂಥ ಪಟ್ಟಿಯನ್ನು ತರಲು ಪ್ರತಿಸಲವೂ ರೆಡಿಸ್‌ಗೆ ಹೋಗಿಬರುವ ತಂತ್ರಾಂಶಗಳನ್ನು ನಾನು ಕಂಡಿದ್ದೇನೆ. ಸರ್ವರ್ ಶುರುವಾಗುವಾಗ ಒಮ್ಮೆ ಓದಿ ತನ್ನ ಬಳಿಯೇ ಇಟ್ಟುಕೊಂಡರೆ ಆಯಿತು. ದಿನಕ್ಕೆ ಹತ್ತು ಬಾರಿ ಬದಲಾಗುವ ವಿಷಯಕ್ಕೆ ಮಾತ್ರ ಈ ವಿಧಾನ ಒಗ್ಗದು. ಸರ್ವರ್‌ಗಳು ಆರಿದ್ದರೆ ಆರರಲ್ಲೂ ಬೇರೆಬೇರೆ ನಕಲು ಉಳಿದು, ಒಬ್ಬ ಬಳಕೆದಾರನಿಗೆ ಹಳೆಯ ದರವೂ ಪಕ್ಕದವನಿಗೆ ಹೊಸ ದರವೂ ಕಾಣಿಸುವ ಅಪಾಯವಿದೆ.

ಇದಕ್ಕಿಂತಲೂ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಇನ್ನೊಂದು ಮೆಮೊರಿಯಿದೆ. ಅದು ಡೇಟಾಬೇಸಿನದೇ ಮೆಮೊರಿ. ಪೋಸ್ಟ್‌ಗ್ರೆ ಎಸ್‌ಕ್ಯೂಎಲ್ ಆಗಲಿ ಮೈ ಎಸ್‌ಕ್ಯೂಎಲ್ ಆಗಲಿ ಪದೇಪದೇ ಬೇಕಾಗುವ ದತ್ತಾಂಶವನ್ನು ತಾವೇ ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಅದಕ್ಕಾಗಿ ಎರಡರಲ್ಲೂ ಮೊದಲಿನಿಂದ ನಿಗದಿಯಾಗಿರುವ ಜಾಗ ಕೇವಲ 128 ಎಂಬಿ. ಯಾರೂ ಹೆಚ್ಚಿಸದಿದ್ದರೆ ಅದು ಅಷ್ಟೇ ಇರುತ್ತದೆ. 64 ಜಿಬಿ ಮೆಮೊರಿಯ ಯಂತ್ರವನ್ನು ಕೊಂಡು, ಡೇಟಾಬೇಸಿಗೆ ಈ 128 ಎಂಬಿಯನ್ನೇ ಬಿಟ್ಟು, ಅದು ನಿಧಾನವೆಂದು ದೂರಿ, ಅದರ ಮುಂದೆ ಹೊಸದೊಂದು ರೆಡಿಸ್ ತಂದು ನಿಲ್ಲಿಸುವುದು ನಮ್ಮಲ್ಲಿ ಎಷ್ಟು ಸಾಮಾನ್ಯವಾಗಿದೆ ಎಂದರೆ, ಸಲಹೆ ಕೇಳಿ ಬಂದವರಿಗೆ ನಾನು ಮೊದಲು ತೋರಿಸಿ ಎನ್ನುವುದೇ ಸಂರಚನೆಯ ಕಡತದಲ್ಲಿ ಆ ಜಾಗವನ್ನು ನಿಗದಿಪಡಿಸುವ ಸಾಲನ್ನು. ಅದನ್ನು ತಿದ್ದಿ, ಹುಡುಕುವ ಅಂಕಣಕ್ಕೆ ಸರಿಯಾದ ಸೂಚಿ (ಇಂಡೆಕ್ಸ್) ಕಟ್ಟಿದ ಮೇಲೆ ಹಲವರಿಗೆ ಬೇರೆ ಯಾವುದರ ಅಗತ್ಯವೂ ಬಿದ್ದಿಲ್ಲ.

ಇಷ್ಟು ಮಾಡಿದ ಮೇಲೂ ಸಾಲದಾದಾಗ ಹೊರಗಿನ ಮೆಮೊರಿ ಸಂಗ್ರಹದ ಪ್ರಶ್ನೆ ಏಳುತ್ತದೆ. ಮೆಮ್‌ಕ್ಯಾಶ್ಡ್ ಅನ್ನು ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಅವರು 2003ರಲ್ಲಿ ಲೈವ್ ಜರ್ನಲ್ ಎಂಬ ಜಾಲತಾಣದ ಹೊರೆ ಇಳಿಸಲು ಬರೆದರು. ಅದರ ಗುಣ ಅದರ ಸರಳತೆಯಲ್ಲೇ ಇದೆ. ಒಂದು ಹೆಸರು, ಅದಕ್ಕೊಂದು ಮೌಲ್ಯ, ಒಂದು ಅವಧಿ. ಹೆಸರು 250 ಬೈಟ್ ಮೀರುವಂತಿಲ್ಲ, ಮೌಲ್ಯ ಸಾಮಾನ್ಯವಾಗಿ ಒಂದು ಎಂಬಿ ಮೀರುವಂತಿಲ್ಲ. ಸರ್ವರ್‌ಗಳು ಎಷ್ಟೇ ಇದ್ದರೂ ಅವು ಪರಸ್ಪರ ಮಾತನಾಡುವುದಿಲ್ಲ. ಯಾವ ಹೆಸರು ಯಾವ ಸರ್ವರಿನಲ್ಲಿದೆ ಎಂಬುದನ್ನು ಕೇಳುವವನೇ ಲೆಕ್ಕ ಹಾಕಿಕೊಳ್ಳುತ್ತಾನೆ. ಯಂತ್ರ ಮತ್ತೆ ಶುರುವಾದರೆ ಸಾಮಾನ್ಯ ಬಳಕೆಯಲ್ಲಿ ಎಲ್ಲವೂ ಖಾಲಿ. ಲೇಖನವು ಇದನ್ನು ದೋಷವೆಂದು ಬರೆದಿದೆ. ನನ್ನ ಅಭಿಪ್ರಾಯ ಬೇರೆ. ಯಾವಾಗ ಬೇಕಾದರೂ ಖಾಲಿಯಾಗಬಹುದೆಂದು ಗೊತ್ತಿರುವ ಪಾತ್ರೆಯಲ್ಲಿ ಯಾರೂ ಮೂಲವನ್ನು ಇಡುವುದಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಮೆಮ್‌ಕ್ಯಾಶ್ಡ್ ಇದ್ದಿದ್ದರೆ ಟೋಕನ್‌ಗಳನ್ನು ಅಲ್ಲಿಡುವ ಯೋಚನೆಯೇ ನಮಗೆ ಬರುತ್ತಿರಲಿಲ್ಲ.

ಇಟಲಿಯ ಸಾಲ್ವತೋರೆ ಸಾನ್ಫಿಲಿಪ್ಪೊ ಅವರು 2009ರಲ್ಲಿ ಹೊರತಂದ ರೆಡಿಸ್ ಬೇರೆಯದೇ ಮನೋಭಾವದ ಸಾಧನ. ಪಟ್ಟಿ, ಗುಂಪು, ಅಂಕಗಳ ಆಧಾರದ ಮೇಲೆ ಕ್ರಮಬದ್ಧವಾದ ಗುಂಪು ಇತ್ಯಾದಿ ರಚನೆಗಳು ಅದರಲ್ಲಿವೆ. ನಿಮ್ಮ ಮುಂದೆ ಎಷ್ಟು ಜನರಿದ್ದಾರೆ ಎಂಬ ಪ್ರಶ್ನೆಗೆ, ಸಾಲಿನಲ್ಲಿ ಲಕ್ಷ ಜನರಿದ್ದರೂ, ಅದು ತಕ್ಷಣ ಉತ್ತರಿಸುತ್ತದೆ. ಆದೇಶಗಳನ್ನು ಒಂದಾದ ಮೇಲೊಂದರಂತೆ ಒಂದೇ ಎಳೆಯಲ್ಲಿ ನಡೆಸುವುದರಿಂದ, ಎರಡು ಕೌಂಟರ್‌ಗಳು ಒಂದೇ ಕ್ಷಣಕ್ಕೆ ಮುಂದಿನ ಸಂಖ್ಯೆ ಕೊಡು ಎಂದರೂ ಇಬ್ಬರಿಗೆ ಒಂದೇ ಸಂಖ್ಯೆ ಹೋಗದು. ಆದರೆ ಅದೇ ಕಾರಣಕ್ಕೆ ಯಾರಾದರೂ ಲಕ್ಷಾಂತರ ಹೆಸರುಗಳನ್ನು ಒಮ್ಮೆಲೇ ತೋರಿಸು ಎಂಬ ಆದೇಶ ಕೊಟ್ಟರೆ, ಅದು ಮುಗಿಯುವ ತನಕ ಉಳಿದವರೆಲ್ಲ ಬಾಗಿಲಲ್ಲೇ ನಿಲ್ಲಬೇಕು. ಡಿಸ್ಕಿಗೆ ಬರೆಯುವ ವಿಧಾನದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ದಿನಚರಿಯನ್ನು ಭದ್ರಪಡಿಸುವ ಕ್ರಮವನ್ನು ಎಲ್ಲರೂ ಅನುಸರಿಸುತ್ತಾರೆ. ವಿದ್ಯುತ್ ಹೋದರೆ ಕೊನೆಯ ಒಂದು ಸೆಕೆಂಡಿನ ಬರಹ ಹೋಗಬಹುದೆಂದು ಅದರ ಅರ್ಥ. ಆಟದ ಅಂಕಪಟ್ಟಿಯಾದರೆ ಒಂದು ಸೆಕೆಂಡು ಹೋದರೂ ಚಿಂತೆಯಿಲ್ಲ, ಯಾರದೋ ಖಾತೆಯ ಹಣವಾದರೆ ಅದು ಸಲ್ಲದು. ಮೆಮೊರಿಯಲ್ಲಿರುವ ದತ್ತಾಂಶದ ಪೂರ್ತಿ ಚಿತ್ರವನ್ನು ಆಗಾಗ ಡಿಸ್ಕಿಗೆ ತೆಗೆದಿಡುವ ಇನ್ನೊಂದು ವಿಧಾನವೂ ಇದೆ. ಹಾಗೆ ಚಿತ್ರ ತೆಗೆಯುವಾಗ ಬರಹ ಜೋರಾಗಿ ನಡೆಯುತ್ತಿದ್ದರೆ ಮೆಮೊರಿಯ ಬಳಕೆ ಎರಡು ಪಟ್ಟಿನವರೆಗೂ ಏರಬಹುದು. 8 ಜಿಬಿ ದತ್ತಾಂಶಕ್ಕೆ 8 ಜಿಬಿ ಯಂತ್ರ ಸಾಕೆಂದು ಲೆಕ್ಕ ಹಾಕಿದವರು ಇಲ್ಲಿ ಎಡವುತ್ತಾರೆ.

ಪರೀಕ್ಷಾ ಫಲಿತಾಂಶದ ದಿನ ಜಾಲತಾಣ ತೆರೆಯದೆ ಮಕ್ಕಳು ಮತ್ತು ಪೋಷಕರು ಒದ್ದಾಡುವುದನ್ನು ತಮ್ಮ ಪತ್ರಿಕೆಯೂ ವರದಿ ಮಾಡುತ್ತಾ ಬಂದಿದೆ. ನಕಲು-ಮೂಲದ ಪ್ರಶ್ನೆಯನ್ನು ಅಲ್ಲಿ ಕೇಳಿ ನೋಡೋಣ. ರಾಜ್ಯದಲ್ಲಿ ಈಚಿನ ವರ್ಷಗಳಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ನೋಂದಾಯಿಸುವವರು 8 ಲಕ್ಷಕ್ಕೂ ಹೆಚ್ಚು. ಒಬ್ಬ ವಿದ್ಯಾರ್ಥಿಯ ಹೆಸರು, ನೋಂದಣಿ ಸಂಖ್ಯೆ, ಆರು ವಿಷಯಗಳ ಅಂಕ ಎಲ್ಲ ಸೇರಿ ಒಂದು ಕೆಬಿ ಎಂದು ಧಾರಾಳವಾಗಿಯೇ ಹಿಡಿದರೂ, ಇಡೀ ರಾಜ್ಯದ ಫಲಿತಾಂಶ ಸುಮಾರು 800 ಎಂಬಿ. ಒಬ್ಬ ಕಾಲೇಜು ವಿದ್ಯಾರ್ಥಿಯ ಲ್ಯಾಪ್‌ಟಾಪಿನ ಮೆಮೊರಿಯಲ್ಲೇ ಅದು ಹಿಡಿಸುತ್ತದೆ. ಪ್ರಕಟವಾದ ಕ್ಷಣದಿಂದ ಆ ದಿನವಿಡೀ ಅದು ಬದಲಾಗುವುದೂ ಇಲ್ಲ. ಇದು ಶುದ್ಧ ನಕಲು. ಮೂಲ ಮಂಡಳಿಯ ಡೇಟಾಬೇಸಿನಲ್ಲಿ ಭದ್ರವಾಗಿರುತ್ತದೆ, ನಕಲು ಹತ್ತು ಸರ್ವರ್‌ಗಳ ಮೆಮೊರಿಯಲ್ಲಿ ಕೂತಿರಬಹುದು, ಒಂದು ಕೆಟ್ಟರೆ ಇನ್ನೊಂದು ಉತ್ತರ ಕೊಡುತ್ತದೆ. ಇಲ್ಲಿ ಒಂದು ಎಚ್ಚರ ಮಾತ್ರ ಅಗತ್ಯ. ಮೊದಲ ಮಗು ಕೇಳಿದ ಮೇಲೆ ಡೇಟಾಬೇಸಿನಿಂದ ತಂದು ಮೆಮೊರಿಯಲ್ಲಿಡೋಣ ಎಂಬ ಸಾಮಾನ್ಯ ಪದ್ಧತಿಯನ್ನು ಅನುಸರಿಸಿದರೆ, ಫಲಿತಾಂಶ ಬಿಟ್ಟ ನಿಮಿಷದಲ್ಲಿ ಮೆಮೊರಿ ಖಾಲಿಯಿದ್ದು, ಲಕ್ಷ ಜನ ಒಟ್ಟಿಗೆ ಡೇಟಾಬೇಸಿನ ಮೇಲೆ ಬೀಳುತ್ತಾರೆ. ಮೆಮೊರಿ ಸಂಗ್ರಹವಿದ್ದೂ ಸರ್ವರ್ ಬೀಳುವುದು ಬಹಳ ಸಲ ಹೀಗೆಯೇ. ಫೇಸ್‌ಬುಕ್‌ನ ಎಂಜಿನಿಯರುಗಳು ತಮ್ಮ ಮೆಮ್‌ಕ್ಯಾಶ್ಡ್ ಬಳಕೆಯ ಬಗ್ಗೆ 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ನೂಕುನುಗ್ಗಲಿಗೆ ಪರಿಹಾರವನ್ನು ವಿವರಿಸಿದ್ದಾರೆ. ಒಬ್ಬನಿಗೆ ಮಾತ್ರ ಡೇಟಾಬೇಸಿಗೆ ಹೋಗುವ ಅನುಮತಿಚೀಟಿ ಕೊಟ್ಟು, ಉಳಿದವರನ್ನು ಅರೆಗಳಿಗೆ ಕಾಯಿಸುವುದು ಅದರ ಸಾರ. ನಮ್ಮ ಫಲಿತಾಂಶಕ್ಕೆ ಅಷ್ಟೂ ಬೇಡ. ಹಿಂದಿನ ರಾತ್ರಿಯೇ ಎಲ್ಲವನ್ನೂ ಮೆಮೊರಿಗೆ ತುಂಬಿ, ನಿಗದಿತ ಗಂಟೆಗೆ ಬಾಗಿಲು ತೆರೆದರೆ ಸಾಕು.

ಇದರ ಇನ್ನೊಂದು ತುದಿಯಲ್ಲಿ ರೈಲು ಟಿಕೆಟ್ ಇದೆ. 2014ರ ಜುಲೈನಲ್ಲಿ ಆಗಿನ ರೈಲ್ವೆ ಸಚಿವರಾಗಿದ್ದ ನಮ್ಮ ರಾಜ್ಯದ ಡಿ.ವಿ. ಸದಾನಂದ ಗೌಡರು ತಮ್ಮ ಬಜೆಟ್ ಭಾಷಣದಲ್ಲಿ ನಿಮಿಷಕ್ಕೆ 7,200 ಟಿಕೆಟ್ ಕೊಡಬಲ್ಲ, ಏಕಕಾಲಕ್ಕೆ 1,20,000 ಮಂದಿ ಬಳಸಬಲ್ಲ ಹೊಸ ಇ-ಟಿಕೆಟ್ ವ್ಯವಸ್ಥೆಯನ್ನು ಪ್ರಕಟಿಸಿದ್ದು ಹಲವರಿಗೆ ನೆನಪಿರಬಹುದು. ಅಲ್ಲಿಯವರೆಗೆ ನಿಮಿಷಕ್ಕೆ ಸುಮಾರು 2,000 ಟಿಕೆಟ್ ಸಾಧ್ಯವಾಗುತ್ತಿತ್ತು. ಆ ಜಿಗಿತದ ಹಿಂದೆ ಜೆಮ್‌ಫೈರ್ ಎಂಬ, ಹಲವು ಯಂತ್ರಗಳ ಮೆಮೊರಿಯನ್ನು ಒಂದಾಗಿ ಹೆಣೆಯುವ ತಂತ್ರಾಂಶದ ಪಾತ್ರವಿತ್ತು. ಅಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕೆಲಸದ ಹಂಚಿಕೆ. ವಿಚಾರಣೆ, ಲಾಗಿನ್ ಮುಂತಾದ ಜನಜಂಗುಳಿಯನ್ನು ಮುಂದಿನ ಸಾಲಿನ ಮೆಮೊರಿ ತಡೆದುಕೊಳ್ಳುತ್ತದೆ. ಇಂಥ ಬೋಗಿಯ ಇಂಥ ಸೀಟು ಇಂಥವರದು ಎಂಬ ಕೊನೆಯ ಮಾತನ್ನು ಮಾತ್ರ ಹಿಂದಿರುವ ರೈಲ್ವೆಯ ಮೂಲ ಕಾಯ್ದಿರಿಸುವಿಕೆ ವ್ಯವಸ್ಥೆಯೇ ಹೇಳುತ್ತದೆ.

ಪರವಾನಗಿಯ ವಿಚಾರವನ್ನು ಲೇಖನ ಮುಟ್ಟಿಯೇ ಇಲ್ಲವಾದ್ದರಿಂದ ಎರಡು ಮಾತು. 2024ರ ಮಾರ್ಚ್‌ನಲ್ಲಿ ರೆಡಿಸ್ ಸಂಸ್ಥೆಯು ತನ್ನ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಪರವಾನಗಿಯನ್ನು ಬಿಟ್ಟು, ಹೆಚ್ಚು ನಿರ್ಬಂಧಗಳಿರುವ ಪರವಾನಗಿಗೆ ಬದಲಾಯಿಸಿತು. ಅದಾದ ಕೆಲವೇ ದಿನಗಳಲ್ಲಿ ಲಿನಕ್ಸ್ ಫೌಂಡೇಷನ್ ಅಡಿಯಲ್ಲಿ, ಅಮೆಜಾನ್, ಗೂಗಲ್, ಒರಾಕಲ್ ಮೊದಲಾದವರ ಬೆಂಬಲದೊಂದಿಗೆ, ರೆಡಿಸ್‌ನ 7.2.4 ಆವೃತ್ತಿಯಿಂದ ಕವಲೊಡೆದು ವಾಲ್ಕೀ ಹುಟ್ಟಿತು. 2025ರಲ್ಲಿ ರೆಡಿಸ್ ತನ್ನ ಎಂಟನೆಯ ಆವೃತ್ತಿಗೆ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆಯನ್ನೂ ಸೇರಿಸಿತು. ಸಾರ್ವಜನಿಕ ಹಣದಲ್ಲಿ ಕಟ್ಟುವ ವ್ಯವಸ್ಥೆಗಳಿಗೆ ವಾಲ್ಕೀ ನಿಶ್ಚಿಂತೆಯ ಆಯ್ಕೆ ಎಂಬುದು ನನ್ನ ತೀರ್ಮಾನ. ಭದ್ರತೆಯ ಬಗ್ಗೆಯೂ ಒಂದು ಮಾತು. ಇಂಥ ಮೆಮೊರಿ ಸಂಗ್ರಹಗಳನ್ನು ಎಂದೂ ನೇರವಾಗಿ ಅಂತರ್ಜಾಲಕ್ಕೆ ತೆರೆದಿಡಬಾರದು. 2018ರ ಫೆಬ್ರುವರಿಯಲ್ಲಿ ತಂತ್ರಾಂಶಗಳ ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಪ್ರಮಾಣದ ದಾಳಿ ನಡೆದದ್ದು ಯಾರ‍್ಯಾರೋ ಹೀಗೆ ತೆರೆದಿಟ್ಟಿದ್ದ ಮೆಮ್‌ಕ್ಯಾಶ್ಡ್ ಸರ್ವರ್‌ಗಳನ್ನು ಬಳಸಿಕೊಂಡೇ.

ಇಲಾಖೆಗಳು, ಸಹಕಾರ ಸಂಘಗಳು, ಆಸ್ಪತ್ರೆಗಳು ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗ 'ಅತಿ ವೇಗದ ಮೆಮೊರಿ ಆಧಾರಿತ ಸಂಗ್ರಹ ಇರತಕ್ಕದ್ದು' ಎಂಬ ವಾಕ್ಯವನ್ನು ನಾನು ಅನೇಕ ಬಾರಿ ಓದಿದ್ದೇನೆ. ಆ ವಾಕ್ಯದ ಕೆಳಗೆ ಇನ್ನೊಂದನ್ನು ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ. ಮೆಮೊರಿಯಲ್ಲಿಡುವ ಪ್ರತಿಯೊಂದು ಬಗೆಯ ದತ್ತಾಂಶದ ಎದುರು, ಅದರ ಮೂಲ ಎಲ್ಲಿದೆ ಎಂಬುದನ್ನು ಗುತ್ತಿಗೆದಾರರು ಬರವಣಿಗೆಯಲ್ಲಿ ತಿಳಿಸಬೇಕು, ಕೆಲಸ ಒಪ್ಪಿಸಿಕೊಳ್ಳುವ ದಿನ ಎಲ್ಲರ ಎದುರು ಆ ಮೆಮೊರಿ ಸಂಗ್ರಹವನ್ನು ಪೂರ್ತಿ ಖಾಲಿ ಮಾಡಿ ವ್ಯವಸ್ಥೆ ಮತ್ತೆ ಎದ್ದು ನಿಲ್ಲುವುದನ್ನು ತೋರಿಸಬೇಕು. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ, ಅರ್ಧ ಗಂಟೆ ಸಾಕು. ಆಸ್ಪತ್ರೆಯ ಆ ಸೋಮವಾರದ ನಂತರ ನಾವು ಟೋಕನ್‌ಗಳನ್ನು ಮೊದಲು ಡೇಟಾಬೇಸಿಗೆ ಬರೆದು, ಪರದೆಗೆ ಬೇಕಾದ ನಕಲನ್ನಷ್ಟೇ ಮೆಮೊರಿಯಲ್ಲಿಟ್ಟೆವು. ವರದಿಗಳ ನಕಲಿಗೆ ಬೇರೆಯದೇ ಸಂಗ್ರಹ ಮಾಡಿದೆವು. ಪ್ರತಿ ಟೋಕನ್‌ಗೆ ಕೆಲವು ಮಿಲಿಸೆಕೆಂಡು ಹೆಚ್ಚಾಯಿತು. ಅದು ನಿಧಾನವಾಯಿತೆಂದು ಇಂದಿನವರೆಗೆ ಒಬ್ಬ ರೋಗಿಯೂ, ಕೌಂಟರಿನವರೂ ದೂರಿಲ್ಲ.

ತಮ್ಮ ಲೇಖಕರು ಈ ವಿಷಯದ ಮೇಲೆ ಇನ್ನಷ್ಟು ಬರೆಯಲಿ ಎಂಬುದು ನನ್ನ ಹೃತ್ಪೂರ್ವಕ ಕೋರಿಕೆ. ಹಾಗೆ ಬರೆಯುವಾಗ ಆ ಕೋಷ್ಟಕವನ್ನು ಮತ್ತೆ ಪ್ರಕಟಿಸುವುದಾದರೆ, ವೇಗದ ಅಂಕಣದ ಎಡಕ್ಕೆ 'ವಿದ್ಯುತ್ ಹೋದರೆ, ಅಥವಾ ಜಾಗ ತುಂಬಿದರೆ, ಏನು ಉಳಿಯುತ್ತದೆ' ಎಂಬ ಒಂದು ಅಂಕಣವನ್ನು ದಯವಿಟ್ಟು ಸೇರಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಓರ್ವ ತಂತ್ರಾಂಶ ಎಂಜಿನಿಯರ್
ಶಿವಮೊಗ್ಗ